ಮಗ್ಗದ ಕುಣಿಯ ಬಾಣಂತಿ

ಡಿಸೆಂಬರ್ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಏಳೂ ಹತ್ತು. ಇಳಕಲ್ಲಿನ ಬೋರವ್ವನ ಮನೆಗೆ ಒಬ್ಬ ಅಪರಿಚಿತ ಬಂದ. ಅವನ ಹಿಂದೆಯೇ ಒಂದು ಗಬ್ಬದ ಬೆಕ್ಕು ಒಳಗೆ ಬಂತು.

ತಾಯಿ, ಮಗಳು ಇಬ್ಬರದೇ ಮನೆ. ಮಗಳು ಲಲಿತಾಗೆ ಇಪ್ಪತ್ತಾರು ವರ್ಷ. ಪಡಸಾಲೆಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದವಳು ತಲೆ ಎತ್ತಿ ಮೊದಲು ಬೆಕ್ಕನ್ನು ನೋಡಿದಳು, ಆಮೇಲೆ ಅವನನ್ನು.

"ಏನ್ರಿ, ಬೆಕ್ಕ ಕಟ್ಟಿಕೊಂಡ ಕೆಲಸಕ್ಕ ಬರ್ತೀರೇನು?"

"ನಂದಲ್ರಿ ಅದು. ಓಣಿ ತುದಿಯಿಂದ ಬೆನ್ನ ಹತ್ತೈತಿ."

"ಎಲ್ಲಾರೂ ಹಂಗ ಅಂತಾರ. ಮರಿ ಹಾಕೂ ದಿನ ಬಂತಂದ್ರ ಮಂದಿ ಮನ್ಯಾಗ ಬಿಟ್ಟ ಹೋಗ್ತಾರ."

"ನಾ ಬಿಡಾಕ ಬಂದಿಲ್ರಿ. ಸೆರಗು ಕೂಡಸಾಕ ಬಂದೇನಿ. ನೀಲಪ್ಪ ಕಾಕಾನ ಕಣ್ಣಿನ ಪೊರಿ ತಗದಾರ. ಅವರ ಬದಲಿ ನಾ. ಹಣಮೇಶ ಅಂತ."

ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಪ್ರತಿ ಸೀರೆಗೂ ಈ ಕೆಲಸ ಇದ್ದೇ ಇರುತ್ತದೆ. ಲಲಿತಾಳ ಮಗ್ಗಕ್ಕೆ ಇದನ್ನು ಇಷ್ಟು ವರ್ಷ ಮಾಡುತ್ತಿದ್ದವರು ನೀಲಪ್ಪ. ಅವರು ಮುದುಕರು, ಮಾತು ಕಡಿಮೆ. ಈಗ ಅವರ ಜಾಗದಲ್ಲಿ ಕೂತವನಿಗೆ ಮೂವತ್ತೂ ಆಗಿರಲಿಲ್ಲ.

ಅವಳು ಎಳೆ ಬಿಡಿಸಿಕೊಡಬೇಕು, ಅವನು ಸಿಕ್ಕಿಸಬೇಕು. ಇಬ್ಬರ ಕೈಗಳ ನಡುವೆ ಒಂದು ಗೇಣು ಜಾಗ.

ಮೊದಲ ಒಂದು ತಾಸು ಇಬ್ಬರೂ ಮಾತಾಡಲಿಲ್ಲ.

ಎಷ್ಟ ಸೊಕ್ಕು ಇವಂಗ… ಎಂದು ಅವಳು ಅಂದುಕೊಂಡಳು. ಆದರೆ ಅವನ ಬೆರಳುಗಳು ಒಂದು ಎಳೆಯನ್ನೂ ಕಡಿಯಲಿಲ್ಲ. ಅದನ್ನೂ ಅವಳು ಗಮನಿಸಿದಳು.

ಮಧ್ಯಾಹ್ನದ ಹೊತ್ತಿಗೆ ಬೆಕ್ಕು ಬಾಗಿಲಲ್ಲಿ ಅವನ ಚಪ್ಪಲಿಯ ಮೇಲೆ ಮಲಗಿತ್ತು. ಲಲಿತಾ ಎದ್ದು ಹೋಗಿ ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿದಳು.

"ಇವತ್ತ ಅಷ್ಟ," ಎಂದಳು, ಯಾರೂ ಕೇಳದಿದ್ದರೂ. "ಮರಿ ಹಾಕೂದ್ರಾಗ ಹೊರಗ ಹಾಕ್ತೇನಿ."

"ನಿಮ್ಮ ಕೈಲೆ ಆಗಂಗಿಲ್ಲ ಬಿಡ್ರಿ."

"ಯಾಕ ಆಗಂಗಿಲ್ಲ?"

"ಹಾಲಾಗ ರೊಟ್ಟಿ ಮುರದ ಹಾಕಿದಾರು ಯಾರೂ ಹೊರಗ ಹಾಕಿದ್ದ ನಾ ನೋಡಿಲ್ಲ."

"ನೋಡ್ರೆಂತ," ಎಂದಳು ಲಲಿತಾ. ಬೇಕಾದುದಕ್ಕಿಂತ ಜೋರಾಗಿಯೇ ಹೇಳಿದಳು.

ಎಂಟು ದಿನಕ್ಕೆ ಸೀರೆ ಮುಗಿಯಿತು, ಅವನು ಮತ್ತೆ ಬಂದ. ಬರುವಾಗ ಕಾಗದದ ಪೊಟ್ಟಣದಲ್ಲಿ ಬೆಕ್ಕಿಗೆಂದು ಅವಲಕ್ಕಿ ಚೂಡಾ ತಂದಿದ್ದ. ಬೆಕ್ಕು ಮೂಸಿ ನೋಡಿ, ಸೀನಿ, ಹೊರಟು ಹೋಯಿತು.

"ಬೆಕ್ಕಿಗೆ ಯಾರರೆ ಚೂಡಾ ತರ್ತಾರೇನ್ರಿ?"

"ಹಂಗಾದ್ರ ನೀವ ತಿನ್ರಿ."

ಲಲಿತಾ ತಿಂದಳು. ನಕ್ಕಳು ಕೂಡ.

ಅವನು ದನದ ದವಾಖಾನೆಗೆ ಹೋಗಿ ಡಾಕ್ಟರನ್ನು ಕೇಳಿ ಬಂದಿದ್ದ. ಹೊಟ್ಟೆ ಇಷ್ಟು ಇಳಿದಿದ್ದರೆ ಇನ್ನು ಎರಡು ವಾರದೊಳಗೆ ಮರಿ ಹಾಕುತ್ತದೆ, ಕತ್ತಲಿರುವ ಬೆಚ್ಚನೆ ಜಾಗ ಹುಡುಕುತ್ತದೆ ಎಂದು ಡಾಕ್ಟರು ಹೇಳಿದ್ದರು. ನನ್ನದಲ್ಲ ಅಂದ ಬೆಕ್ಕಿಗಾಗಿ ದವಾಖಾನೆಯ ಮೆಟ್ಟಿಲು ಹತ್ತಿದ್ದ ಮನುಷ್ಯ! ಅವತ್ತು ಎಳೆ ಬಿಡಿಸಿಕೊಡುವಾಗ ಲಲಿತಾಳ ಲೆಕ್ಕ ಎರಡು ಸಲ ತಪ್ಪಿತು.

ಡಿಸೆಂಬರ್ ಮೂವತ್ತರ ಬೆಳಗಿನ ಜಾವ ಬೆಕ್ಕು ನಾಲ್ಕು ಮರಿ ಹಾಕಿತು. ಅದು ಹುಡುಕಿಕೊಂಡ ಬೆಚ್ಚನೆಯ ಜಾಗ ಮಗ್ಗದ ಕುಣಿ.

ಹಿಂದಿನ ದಿನವಷ್ಟೇ ಸೀರೆ ಇಳಿದಿತ್ತು, ಮಗ್ಗ ಖಾಲಿ ಇತ್ತು. ಲಲಿತಾ ಮರಿಗಳನ್ನು ಹಳೆಯ ಸೀರೆ ಹಾಸಿದ ಬುಟ್ಟಿಗೆ ಎತ್ತಿಟ್ಟಳು. ಅರ್ಧ ತಾಸಿನಲ್ಲಿ ತಾಯಿ ನಾಲ್ಕನ್ನೂ ಕುತ್ತಿಗೆಗೆ ಬಾಯಿ ಹಾಕಿ ವಾಪಸ್ ಕುಣಿಗೆ ಒಯ್ದಿತು. ಇನ್ನೊಮ್ಮೆ ಎತ್ತಿಟ್ಟಳು. ಇನ್ನೊಮ್ಮೆ ಒಯ್ದಿತು.

"ಸಾಕ ಬಿಡ," ಎಂದಳು ಬೋರವ್ವ. "ಬಾಣಂತಿನ ಎಷ್ಟ ಸಲ ಎಬ್ಬಸ್ತಿ? ನಿನ್ನ ಹಡದಾಗ ನನ್ನ ಯಾರರೆ ಹಂಗ ಎಬ್ಬಿಸಿದ್ರ ಕೊಯ್ದ ಹಾಕತಿದ್ದೆ."

"ಮಗ್ಗ ನಿಂದರ್ತೈತೆವ್ವ."

"ನಿಂದರ್ಲಿ. ಒಂದ ತಿಂಗಳು ನಾ ನೂಲಿನ ಕಂಡಿಕಿ ಸುತ್ತಿ ಕೊಡ್ತೇನಿ ಮಂದಿಗೆ. ನೀನೂ ಸುತ್ತ."

ಹಣಮೇಶನಿಗೆ ತಿಳಿಸಬೇಕಿತ್ತು. ಹೊರಗ ಹಾಕ್ತೇನಿ ಎಂದು ಕೊಚ್ಚಿಕೊಂಡದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಮುಂದಿನ ತಿಂಗಳು ಬಂದು ತಾನೇ ನೋಡಲಿ, ಬೇಕಾದಷ್ಟು ನಗಲಿ ಅಂದುಕೊಂಡಳು. ಮೊಬೈಲಿನಲ್ಲಿ ಇಷ್ಟೇ ಬರೆದಳು: "ಇನ್ನ ಬರಬ್ಯಾಡ್ರಿ. ಮಗ್ಗಕ್ಕ ಹೊಸ ಹಾಸು ಏರಸಂಗಿಲ್ಲ."

ಆ ಓಣಿಯಲ್ಲಿ ಒಂದು ರೂಢಿ ಇದೆ. ಲಗ್ನ ನಿಶ್ಚಯವಾದ ಹುಡುಗಿ ಮಗ್ಗಕ್ಕೆ ಹೊಸ ಹಾಸು ಏರಿಸುವುದಿಲ್ಲ. ಅರ್ಧ ನೇಯ್ದ ಸೀರೆಯನ್ನು ತವರಿನಲ್ಲಿ ಬಿಟ್ಟು ಹೋಗಬಾರದು. ಬೇರೆ ಊರಿನವರಿಗೆ ಆ ಸಾಲಿನಲ್ಲಿ ಏನೂ ಕಾಣುತ್ತಿರಲಿಲ್ಲ. ಹಣಮೇಶ ಅದೇ ಊರಿನಲ್ಲಿ ಹುಟ್ಟಿದವನು. ಅವನು ಅದನ್ನು ಮೂರು ಸಲ ಓದಿದ, ಮೂರು ಸಲವೂ ಅವನಿಗೆ ಒಂದೇ ಅರ್ಥ ಕಂಡಿತು.

ಲಲಿತಾಗೆ ರೂಢಿ ಗೊತ್ತಿಲ್ಲವೆಂದಲ್ಲ. ಆ ಹೊತ್ತಿಗೆ ಅವಳ ತಲೆಯಲ್ಲಿ ಕಣ್ಣು ಬಿಡದ ನಾಲ್ಕು ಮರಿಗಳಿದ್ದವು, ಬೇರೆ ಏನೂ ಇರಲಿಲ್ಲ.

ಇಪ್ಪತ್ತು ನಿಮಿಷದ ಮೇಲೆ ಅವನ ಉತ್ತರ ಬಂತು: "ಛಲೋ ಆತ್ರಿ. ಸುಖವಾಗಿರ್ರಿ."

ಅವಳು ಫೋನನ್ನೇ ನೋಡುತ್ತ ಕೂತಳು. ಛಲೋ ಆತಂತ! ಬರೂದು ತಪ್ಪಿತಂತ ಇಷ್ಟ ಖುಷಿ ಏನು ಇವಂಗ…

ಮರಿಗಳು ಒಂಬತ್ತನೇ ದಿನ ಕಣ್ಣು ಬಿಟ್ಟವು. ಸಂಕ್ರಮಣ ಬಂತು. ಕುಸುರೆಳ್ಳು ಕೊಡಲು ಇಡೀ ಓಣಿ ಮನೆಗೆ ಬಂದು ಹೋಯಿತು. ಲಲಿತಾ ಒಂದು ಪೊಟ್ಟಣ ಬೇರೆ ಕಟ್ಟಿ ಇಟ್ಟಿದ್ದಳು. ಸಂಜೆ ಆರರ ತನಕ ಕಾದು, ಅದನ್ನು ಬಿಚ್ಚಿ ಡಬ್ಬಿಗೆ ಸುರಿದಳು.

"ಯಾರಿಗೆ ಇಟ್ಟಿದ್ದೆವ್ವ ಅದನ್ನ?" ಬೋರವ್ವ ಕೇಳಿದಳು.

"ಯಾರಿಗೂ ಇಲ್ಲ."

ಬೋರವ್ವ ಬೆಕ್ಕಿಗೆ ಹಾಲು ಹಾಕುತ್ತ ಬೆಕ್ಕಿಗೆ ಹೇಳಿದಳು: "ನೀ ಆರಾಮ ಇದ್ದಿ ನೋಡ."

ಜನವರಿ ಇಪ್ಪತ್ತೆರಡು, ಗುರುವಾರ, ಬೆಳಿಗ್ಗೆ ಹತ್ತೂವರೆ. ಕಪ್ಪು ಕನ್ನಡಕ ಹಾಕಿಕೊಂಡು ನೀಲಪ್ಪ ಬಂದರು. ಕೈಯಲ್ಲಿ ಒಂದು ಪೊಟ್ಟಣವಿತ್ತು.

"ಇನ್ನ ಈ ಓಣಿ ಕೆಲಸ ಮತ್ತ ನಂದಬೆ ತಂಗಿ. ಹಣಮೇಶ ಶನಿವಾರ ಕುಳಗೇರಿ ಕ್ರಾಸಿಗೆ ಹೊಂಟಾನ. ಅವನ ಸೋದರಮಾವ ಪಾಂಡಪ್ಪಂದು ಅರಿವಿ ಅಂಗಡಿ ಐತಿ, ಅಲ್ಲೇ ಇರಾಂವ."

"ಯಾವಾಗ ಬರ್ತಾರ?"

"ಬರೂದೇನಿಲ್ಲ. ಅಂಗಡಿ ಹಿಡದ ಮ್ಯಾಗ ಮುಗೀತ." ನೀಲಪ್ಪ ಪೊಟ್ಟಣ ಚಾಚಿದರು. "ಇದನ್ನ ನಿನಗ ಕೊಡಂದಾನ. ಲಗ್ನಕ್ಕ ತಾ ಬರಾಕ ಆಗಂಗಿಲ್ಲಂತ."

"ಯಾರ ಲಗ್ನಕ್ಕ, ಕಾಕಾ?"

"ನಿಂದ ಅಲ್ಲೇನಬೆ? ಹಾಸು ಏರಸಂಗಿಲ್ಲಂತ ನೀನ ಹೇಳಿದ್ದಿಯಂತಲ್ಲ."

ಪೊಟ್ಟಣದಲ್ಲಿ ಗುಳೇದಗುಡ್ಡದ ಕುಬಸದ ಖಣವಿತ್ತು. ಮದುವಣಗಿತ್ತಿಗೆ ಕೊಡುವಂಥ ಹಸಿರು ಖಣ, ಕೆಂಪು ಅಂಚು.

ಲಲಿತಾ ಅದನ್ನು ಹಿಡಿದುಕೊಂಡೇ ನಿಂತಳು. ತಾನು ಬರೆದ ಸಾಲು ಅಕ್ಷರಕ್ಕೆ ಅಕ್ಷರ ನೆನಪಾಯಿತು. ಛಲೋ ಆತ್ರಿ ಎಂದು ಬರೆಯುವ ಮುಂಚೆ ಅವನು ಇಪ್ಪತ್ತು ನಿಮಿಷ ಏನು ಮಾಡುತ್ತಿದ್ದ ಎಂಬುದು ಈಗ ತಿಳಿಯಿತು. ಶನಿವಾರಕ್ಕೆ ಎರಡು ದಿನ ಇತ್ತು.

ಅವಳು ನೀಲಪ್ಪನ ಎದುರೇ ಫೋನ್ ಹಚ್ಚಿದಳು.

"ಹಲೋ… ಲಲಿತಾ ಮಾತಾಡತೇನಿ. ನನ್ನ ಲಗ್ನ ಯಾರ ಜೋಡಿ ಆಗೇತಿ ಹೇಳ್ರಿ, ನಾನೂ ಕೇಳತೇನಿ."

ಅವಳು ಉತ್ತರಕ್ಕೆ ಕಾಯಲಿಲ್ಲ.

"ಮಗ್ಗ ಯಾಕ ನಿಂತೈತಿ ಅಂತ ಬಂದ ಕುಣ್ಯಾಗ ನೋಡ್ರಿ. ಆಮ್ಯಾಲೆ ಎಲ್ಲಿಗೆ ಬೇಕಾದ್ರೂ ಹೋಗ್ರಿ."

ಅವನು ಹನ್ನೊಂದು ನಿಮಿಷದಲ್ಲಿ ಬಂದ. ನೀಲಪ್ಪ ಅಷ್ಟರಲ್ಲಿ ಚಹಾ ಮುಗಿಸಿ ಸುಮ್ಮನೆ ಎದ್ದು ಹೋಗಿದ್ದರು.

ಹಣಮೇಶ ಕುಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಒಳಗೆ ಬಗ್ಗಿ ನೋಡಿದ. ಮೂರು ಮರಿಗಳು ತಾಯಿಯ ಹೊಟ್ಟೆಗೆ ಹತ್ತಿಕೊಂಡಿದ್ದವು. ನಾಲ್ಕನೆಯದು ಕಾಲಲ್ಲಿ ತುಳಿಯುವ ಹಲಗೆಯ ಮೇಲೆ ಹತ್ತಲು ನೋಡಿ ಬಿತ್ತು, ಮತ್ತೆ ಹತ್ತಿತು.

"ಇದಕ್ಕ ನಿಂತಿದ್ದು?"

"ಇದಕ್ಕ."

"ಒಂದ ಮಾತ ಹೇಳಬೇಕಿಲ್ಲೇನ್ರಿ?"

"ಹೇಳಿದ್ರ ನಗತಿದ್ರಿ."

"ನಗತಿದ್ದೆ ಖರೆ… ಆದ್ರ ಮೂರ ವಾರ ನಿದ್ದಿ ಮಾಡತಿದ್ದೆ."

ಲಲಿತಾ ತಲೆ ತಗ್ಗಿಸಿದಳು. "ನೀವರೆ ಕೇಳಬೇಕಿತ್ತು. ಯಾರ ಜೋಡಿ ಲಗ್ನ ಅಂತ ಒಂದ ಮಾತು."

"ಅದನ್ನ ಕೇಳೂವಷ್ಟ ಧೈರ್ಯ ಇದ್ದಿದ್ರ, ಅದಕ್ಕಿಂತ ಮೊದಲ ಬ್ಯಾರೆ ಒಂದು ಕೇಳತಿದ್ದೆ."

"ಏನಂತ?"

ಅವನು ಮರಿಗಳನ್ನೇ ನೋಡುತ್ತ ಹೇಳಿದ: "ನನ್ನ ಜೋಡಿ ಆಗ್ತೀರೇನು ಅಂತ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಕುಳಗೇರಿ ಕ್ರಾಸಿಗೆ ಹೋಗಾಂವ್ಗ ನಾ ಏನಂತ ಹೇಳಲಿ?" ಲಲಿತಾಳ ದನಿ ಸಣ್ಣದಾಗಿತ್ತು.

"ಹೋಗಂಗಿಲ್ಲ."

"ಮಾವಗ ಮಾತ ಕೊಟ್ಟೀರಿ."

"ಕೊಟ್ಟೇನಿ. ಬೈಸ್ಕೋತೇನಿ."

ಹಲಗೆಯಿಂದ ಮತ್ತೆ ಬಿದ್ದ ಮರಿಯನ್ನು ಅವಳು ಎತ್ತಿ ತಾಯಿಯ ಹೊಟ್ಟೆಗೆ ಹಚ್ಚಿದಳು. ಅವನು ಕಾದ.

"ಹಂಗಾದ್ರ ಹೂಂ," ಎಂದಳು.

"ಹೂಂ ಅಂದ್ರ?"

"ಹೂಂ ಅಂದ್ರ ಹೂಂ. ಇನ್ನೆಷ್ಟ ಸಲ ಹೇಳಸ್ತೀರಿ?"

"ಇನ್ನೊಂದ ಸಲ."

"ಹೂಂ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು.

ಅಂದೇ ಸಂಜೆ ಹಣಮೇಶ ಕುಳಗೇರಿ ಕ್ರಾಸಿಗೆ ಫೋನ್ ಮಾಡಿದ. ಪಾಂಡಪ್ಪ ನಾಲ್ಕು ನಿಮಿಷ ಬೈದರು. ಆಮೇಲೆ ಎರಡು ವಾರ ಮಾತು ಬಿಟ್ಟರು. ಫೆಬ್ರವರಿ ಎರಡನೇ ರವಿವಾರ ಹಣಮೇಶನ ತಾಯಿ ಶಾರವ್ವ ಹೆಣ್ಣು ಕೇಳಲು ಬೋರವ್ವನ ಮನೆಗೆ ಬಂದರು. ಅವರಿಗಾಗಿ ಹಾಸಿದ ಜಮಖಾನೆಯ ಮೇಲೆ ನಾಲ್ಕೂ ಮರಿಗಳು ಮಲಗಿದ್ದವು. ಶಾರವ್ವ ಪಕ್ಕದಲ್ಲಿ ಬರಿ ನೆಲದ ಮೇಲೆ ಕೂತರು.