ಹೊಗೆ ಕಾಣದ ಬೆಳಗು

"ಒಂದು ಹೊರೆ ಒಣ ಕಟ್ಟಿಗೆ ಕೊಡ್ತೀರಾ? ನನ್ನದೆಲ್ಲ ಹಸಿ..."

ಕಾಡ್ಗಿಚ್ಚಿನ ಕಾವಲುಗಾರ ನಡುಗುತ್ತಿದ್ದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಕೊಡಲ್ಲ. ಚಳಿ ತಡೆಯೋಕಾಗದಿದ್ರೆ ಅಮ್ಮನ ಮನೆಗೆ ಹೋಗಿ, ಪಟ್ಟಣದ ಗೊಂಬೆ!"

ಬಾಗಿಲು ಮುಚ್ಚಿತು. ಅದು ಅವರ ಮೊದಲ ಭೇಟಿ!

ಮರಗಳ ಬೀಜ ಸಂಗ್ರಹಿಸುವ ಕೆಲಸಕ್ಕೆಂದು ವರ್ಷವಿಡೀ ಕಾಡಿನ ಗುಡಿಸಲಿನಲ್ಲಿರಲು ಬಂದವಳು ಅವಳು. ಕಣಿವೆಯ ಆಚೆ ಅವನ ಗುಡಿಸಲು. ಕಣ್ಣಿಗೆ ಬೀಳುವ ಇನ್ನೊಂದು ಮನೆಯಿಲ್ಲ.

ಕಾಡಿಗೂ ಕರುಣೆಯಿರಲಿಲ್ಲ. ಚಳಿಗೆ ಬಕೆಟ್ಟಿನ ನೀರು ಹೆಪ್ಪುಗಟ್ಟಿತು. ಬೇಸಿಗೆಯಲ್ಲಿ ಒರತೆ ಬತ್ತಿತು. ಮಳೆಗೆ ಹಾಸಿಗೆಯೆಲ್ಲ ಬೂಸಲು, ಹಿಟ್ಟಿನಲ್ಲಿ ಹುಳು. ಅಂಗೈ ಬಿರಿದು ರಕ್ತ ಬಂದ ದಿನವೂ ಅವನು ದೂರ ನಿಂತು ನಕ್ಕ.

"ಕೊಡಲೀನ ಸೌಟು ಹಿಡಿದ ಹಾಗೆ ಹಿಡಿದಿದ್ದೀರಲ್ಲ!"

'ಇವನೆಂಥ ಕಲ್ಲು ಮನುಷ್ಯ...'

ಅವಳು ಕೊನೆಯ ತುಂಡು ಸೀಳುವವರೆಗೂ ಅವನು ಅಲ್ಲಿಂದ ಕದಲಲಿಲ್ಲ ಎಂಬುದನ್ನು ಮಾತ್ರ ಅವಳು ಗಮನಿಸಲಿಲ್ಲ.

ಹಟಕ್ಕೆ ಬಿದ್ದು ಕಲಿತಳು. ಸೀಳಿದ ಕಟ್ಟಿಗೆಯನ್ನು ಸೂರಿನಡಿ ಗಾಳಿಯಾಡುವಂತೆ ಒಟ್ಟಿದಳು. ಅದು ಒಣಗುವವರೆಗೂ ಹಸಿ ಸೌದೆಯ ಕಪ್ಪು ಹೊಗೆಯಲ್ಲೇ ಬೇಯಿಸಿಕೊಂಡಳು, ಕೆಮ್ಮಿದಳು, ಒಬ್ಬಳೇ ಅತ್ತಳು.

ಚಳಿ ಮರಳಿದ ಮೊದಲ ಬೆಳಗ್ಗೆ ಒಣ ಕಟ್ಟಿಗೆಯಿಂದ ಒಲೆ ಹಚ್ಚಿದರೆ... ಒಂದೆಳೆ ಹೊಗೆಯೂ ಇಲ್ಲ! ಬರೀ ಉರಿ!

ಸ್ವಲ್ಪ ಹೊತ್ತಿಗೆ ಬಾಗಿಲು ಮುರಿಯುವಂತೆ ಬಡಿದ ಸದ್ದು.

ಅವನು! ಬರಿಗಾಲು. ಮಂಜುಗಡ್ಡೆಯಂತೆ ಕೊರೆಯುವ ಕಣಿವೆಯ ಹೊಳೆ ದಾಟಿ ಬಂದು ಪಾದಗಳು ನೀಲಿಗಟ್ಟಿದ್ದವು.

"ಬದುಕಿದ್ದೀಯಾ? ನಿನ್ನ ಸೂರಿನ ಮೇಲೆ ಹೊಗೆ ಕಾಣಲಿಲ್ಲ..."

"ಒಣ ಕಟ್ಟಿಗೆ, ಅದಕ್ಕೇ ಹೊಗೆಯಿಲ್ಲ. ನಿಮಗೇನು? ನಾನು ಸತ್ತಿದ್ರೆ ಪೀಡೆ ತೊಲಗಿತು ಅಂತಿದ್ರಿ!"

ಅವನು ಹೊಸ್ತಿಲಲ್ಲೇ ಕುಸಿದ.

"ದಿನಾ ನಿನ್ನ ಹೊಗೆ ನೋಡಿದ ಮೇಲೇ ನಾನು ಮುಖ ತೊಳೆಯೋದು... ಮೊದಲು ಇಲ್ಲಿ ನನ್ನ ತಂಗಿ ಇದ್ಲು. ಕಟ್ಟಿಗೆ ಒಡೆದು, ಒಲೆ ಹಚ್ಚಿ ಎಲ್ಲ ನಾನೇ ಮಾಡಿಕೊಡ್ತಿದ್ದೆ. ಒಮ್ಮೆ ನಾನು ಜ್ವರದಲ್ಲಿ ಮಲಗಿಬಿಟ್ಟೆ. ಒಲೆ ಹಚ್ಚೋಕೆ ಬಾರದೆ ಚಳೀಲೇ ಹೋಗ್ಬಿಟ್ಲು. ನನ್ನ ಅಕ್ಕರೆಯೇ ಅವಳನ್ನ ಕೊಂದಿತು. ನಿನಗೂ ಹಾಗಾಗಬಾರದು ಅಂತ..."

ಅವಳು ಅವನ ನೀಲಿಗಟ್ಟಿದ ಪಾದಗಳನ್ನೇ ನೋಡಿದಳು. ಆದರೂ ಮಾತು ಮೆತ್ತಗಾಗಲಿಲ್ಲ.

"ವರ್ಷವೆಲ್ಲ ಅಳಿಸಿದ್ರಿ. ನಾನು ಕ್ಷಮಿಸಲ್ಲ."

"ಕ್ಷಮಿಸಬೇಡ. ಇರು, ಅಷ್ಟೇ... ನೀನಿಲ್ಲದ ಈ ಕಡೆ ತಿರುಗಿ ನೋಡೋ ಶಕ್ತಿ ನನಗಿಲ್ಲ."

ಅವಳು ಅವನನ್ನು ಒಳಗೆಳೆದು ಕೂರಿಸಿ, ಮರಗಟ್ಟಿದ ಪಾದವೊಂದನ್ನು ಮಡಿಲಿಗೆಳೆದುಕೊಂಡು ಎರಡೂ ಅಂಗೈಗಳಲ್ಲಿ ಬಿಗಿಯಾಗಿ ಒತ್ತಿ ಹಿಡಿದಳು.

"ನೋವಾಗ್ತಿದೆಯಾ?"

"ಹೂಂ... ತುಂಬಾ."

"ಆಗಲಿ. ಇನ್ನೊಂದು ಕಾಲು ಕೊಡಿ."