ಏಳನೇ ನಮೂನೆಯ ಕೂದಲು

"ಅದನ್ನ ಮುಟ್ಬೇಡಿ!"

ಶಿನ್‌ರು ಕೂಗಿದ ರಭಸಕ್ಕೆ ಯಂತ್ರದ ಮುಂದಿದ್ದವನು ಬೆಚ್ಚಿಬಿದ್ದ. ಅವನ ಕೈಯಲ್ಲಿ ಹಸಿರು ತಿಂಡಿ ಪೊಟ್ಟಣವಿತ್ತು. ಅದು ತನ್ನ ತಲೆಯ ಮೇಲಿದ್ದರಷ್ಟೇ ಯಂತ್ರ ಹೇಳಿದ ಮಾತು ಕೇಳುತ್ತದೆಂಬುದು ಅಲ್ಲಿನವರೆಲ್ಲರ ನಂಬಿಕೆ!

"ಡೇಟ್ ಮುಗಿದು ಎರಡು ತಿಂಗ್ಳಾಯ್ತು ಕಣ್ರೀ. ಹಳಸಿದ್ದು ಇಟ್ರೆ ಮೆಷಿನ್ ಮುನಿಸ್ಕೊಳ್ಳಲ್ವಾ?" ಅವನು ಬ್ಯಾಗಿನಿಂದ ಹೊಸ ಪೊಟ್ಟಣ ತೆಗೆದು ಭಕ್ತಿಯಿಂದ ಇಟ್ಟ. "ನಾನು ಯೆನ್‌ಶುನ್. ಇನ್ಮೇಲೆ ಈ ಮಾಸ್ ಸ್ಪೆಕ್ಟ್ರೋಮೀಟರ್ ನೋಡ್ಕೊಳ್ಳೋನು."

ಶಿನ್‌ರುಗೆ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ...

ತೈನಾನ್ ನಗರದ ಈ ಪ್ರಯೋಗಾಲಯದಲ್ಲಿ ಅವಳದು ಪಿಎಚ್‌ಡಿಯ ಏಳನೇ ವರ್ಷ. ಒತ್ತಡದಲ್ಲಿರುವವರ ಮತ್ತು ನೆಮ್ಮದಿಯಾಗಿರುವವರ ಕೂದಲು ಕತ್ತರಿಸಿ, ಅದರಲ್ಲಿ ಅಡಗಿದ ಒತ್ತಡದ ಹಾರ್ಮೋನನ್ನು ಯಂತ್ರದಲ್ಲಿ ಅಳೆದು ಹೋಲಿಸುವುದು ಅವಳ ಸಂಶೋಧನೆ. ಒಂದು ಸೆಂಟಿಮೀಟರ್ ಕೂದಲೆಂದರೆ ಒಂದು ತಿಂಗಳ ಬದುಕು. ತೈಪೆಯ ಆಸ್ಪತ್ರೆಯೊಂದು ಜೂನ್ ಕೊನೆಯವರೆಗೆ ಅವಳಿಗಾಗಿ ಕೆಲಸ ಕಾದಿರಿಸಿತ್ತು. ಆದರೆ ಪ್ರಬಂಧಕ್ಕೆ ಪ್ರೊಫೆಸರ್ ಲಿಯಾವ್ ಸಹಿ ಹಾಕದೆ ಯಾರೂ ಇಲ್ಲಿಂದ ಹೊರಬೀಳುವಂತಿರಲಿಲ್ಲ.

ನಾಲ್ಕು ತಿಂಗಳು ಇಬ್ಬರೂ ಎದುರುಬದುರು ಕೂತು ಊಟ ಮಾಡಿದರು. ಯೆನ್‌ಶುನ್ ಅವಳ ನಮೂನೆಗಳನ್ನೇ ಎಲ್ಲರಿಗಿಂತ ಮೊದಲು ಅಳೆದು ಕೊಡುತ್ತಿದ್ದ; ದಿನವೂ ತನ್ನ ಡಬ್ಬಿಯ ಮೊಟ್ಟೆಯನ್ನು ಅವಳ ಅನ್ನದ ಮೇಲಿಡುತ್ತಿದ್ದ.

"ತಿನ್ನಿ. ನಿಮ್ಮ ಮುಖ ನೋಡಿ ಮೆಷಿನ್ನೇ ಹೆದರ್ಕೊಂಡಿದೆ!"

ಆಮೇಲೆ ಬಂತು ಆ ಶುಕ್ರವಾರ.

"ನೆಮ್ಮದಿಯಾಗಿರೋರ ಗುಂಪಲ್ಲೇ ಇಷ್ಟೊಂದು ಒತ್ತಡವಾ?" ಪ್ರೊಫೆಸರ್ ವರದಿಯನ್ನು ಮೇಜಿನ ಮೇಲೆ ಎಸೆದರು. "ನಂಬೋ ಹಾಗಿಲ್ಲ ಅಂತ ಯೆನ್‌ಶುನ್ನೇ ಬರ್ದಿದ್ದಾನೆ. ಇನ್ನೊಂದು ವರ್ಷ ಕೂತ್ಕೋ."

ಇನ್ನೊಂದು ವರ್ಷ! ತೈಪೆಯ ಕೆಲಸ ಕೈತಪ್ಪಿದಂತೆಯೇ.

ನೇರ ಯಂತ್ರದ ಕೋಣೆಗೆ ನುಗ್ಗಿದಳು. "ಮೊಟ್ಟೆ ತಿನ್ನಿಸಿ ಬೆನ್ನಿಗೆ ಚೂರಿ ಹಾಕಿದ್ರಲ್ಲ!"

"ನಂಬಬೇಡಿ ಅಂತ ನಾನು ಬರೀಲಿಲ್ಲ ಶಿನ್‌ರು. ಏಳನೇ ನಮೂನೆ ಒಂದನ್ನೇ ಬೇರೆಯಾಗಿ ನೋಡಿ ಅಂತ ಬರ್ದೆ. ಮೂರು ಸಲ ಅಳೆದಿದೀನಿ." ಅವನು ಪರದೆ ತೋರಿಸಿದ. "ಹತ್ತು ಜನರಲ್ಲಿ ಒಂಬತ್ತು ಜನ ಸರಿಯಾಗೇ ಇದಾರೆ. ಇವರೊಬ್ರು... ಆರು ತಿಂಗಳಲ್ಲಿ ಒಂದು ತಿಂಗಳೂ ನೆಮ್ಮದಿ ಇಲ್ಲ. ಯಾರೋ ಪಾಪ, ಯಾರಾದ್ರೂ ವಿಚಾರಿಸ್ಕೋಬೇಕು ಅನ್ನಿಸ್ತು."

ಶಿನ್‌ರು ಪರದೆಯ ಹತ್ತಿರ ಬಗ್ಗಿ ನಮೂನೆಯ ಸಂಖ್ಯೆಯನ್ನು ಮತ್ತೊಮ್ಮೆ ನೋಡಿದಳು.

ಕೂದಲು ಸಂಗ್ರಹಿಸಿದ ದಿನ ನೆಮ್ಮದಿಯವರ ಗುಂಪಿಗೆ ಒಬ್ಬರು ಕಡಿಮೆ ಬಿದ್ದಿದ್ದರು. ಲ್ಯಾಬಿನಲ್ಲಿ ಎಲ್ಲರೂ ಮಾಡುವ ಹಾಗೆ ತನ್ನದೇ ಕೂದಲು ಕತ್ತರಿಸಿಕೊಟ್ಟಿದ್ದಳು. ಪ್ರಶ್ನಾವಳಿಯಲ್ಲಿ 'ಒತ್ತಡವಿದೆಯೇ' ಎಂಬಲ್ಲಿ ಯೋಚಿಸದೆ 'ಇಲ್ಲ' ಎಂದು ಗೀಚಿದ್ದಳು. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿದ್ದಿತ್ತು!

"ಅದು... ನನ್ನ ಕೂದಲು."

ಅವನ ಮುಖ ಬಾಡಿಹೋಯಿತು. "ದಿನಾ ಎದುರಿಗೇ ಕೂತಿದ್ದೆ. ನಂಗೆ ಗೊತ್ತೇ ಆಗ್ಲಿಲ್ವಲ್ಲ!"

"ನಂಗೇ ಗೊತ್ತಿರ್ಲಿಲ್ಲ..." ಅವಳು ಅತ್ತೇಬಿಟ್ಟಳು. "ನನ್ನ ಕೂದಲು ಅಂತ ಹೇಳಿದ್ರೆ ಪ್ರೊಫೆಸರ್ ಹೊರಗೆ ಹಾಕ್ತಾರೆ."

"ಹೇಳದಿದ್ರೆ ಒಳಗೇ ಇಟ್ಕೋತಾರೆ."

ಆ ಮಾತು ನಾಟಿತು. ಅವಳು ಕಣ್ಣೊರೆಸಿಕೊಂಡು ಪ್ರೊಫೆಸರ್ ಬಾಗಿಲು ತಟ್ಟಿದಳು.

"ಏಳನೇ ನಮೂನೆ ನಂದು ಸಾರ್. ತಪ್ಪು ನಂದೇ. ಪ್ರಬಂಧದಲ್ಲೂ ಅದನ್ನೇ ಬರೀತೀನಿ. ಆದ್ರೆ ಆ ಆರು ತಿಂಗಳು ನಾನು ಕಳೆದಿದ್ದು ಇಲ್ಲೇ... ನಿಮ್ಮ ಲ್ಯಾಬಲ್ಲಿ."

ಅವರು ವರದಿ ಎಳೆದುಕೊಂಡು ಏಳನೇ ನಮೂನೆಯ ಸಾಲಿನ ಮೇಲೆ ಬೆರಳಾಡಿಸಿದರು.

"ನಿನ್ನದರ ಬದಲು ಬೇರೆಯವರ ಕೂದಲು ಅಳೆದು ತಾ. ಸರಿ ಬಂದ್ರೆ ಜೂನ್‌ಗೆ ಸಹಿ ಹಾಕ್ತೀನಿ."

ಕೆಳಗೆ ಮೆಟ್ಟಿಲ ಮೇಲೆ ಯೆನ್‌ಶುನ್ ಕೂತಿದ್ದ. ಅವಳು ಓಡಿಬಂದು ಪಕ್ಕದಲ್ಲೇ ಕುಸಿದಳು.

"ಒಪ್ಕೊಂಡ್ರು! ನೆಮ್ಮದಿಯಾಗಿರೋರು ಒಬ್ರು ಬೇಕಂತೆ. ನೀವು ಕೂದಲು ಕೊಡ್ತೀರಾ?"

"ನಾನು ಲಾಯಕ್ಕಿಲ್ಲ. ನಾಲ್ಕು ತಿಂಗಳಿಂದ ನಿದ್ದೆಯಿಲ್ಲ."

"ಯಾಕೆ?"

"ನೀವು ಓದು ಮುಗಿಸಿ ತೈಪೆಗೆ ಹೋಗ್ಬಿಡ್ತೀರಲ್ಲ ಅಂತ..."

ಅವಳು ಅವನತ್ತ ತಿರುಗಿದಳು. "ಮತ್ಯಾಕೆ ನನ್ನ ನಮೂನೆಗಳನ್ನೇ ಎಲ್ಲರಿಗಿಂತ ಮೊದಲು ಅಳೆದು ಕೊಡ್ತಿದ್ರಿ?"

"ನೀವು ಇಲ್ಲಿಂದ ಹೊರಗೆ ಹೋಗ್ಬೇಕಿತ್ತು ಶಿನ್‌ರು. ನನಗೆ ಏನಾದ್ರೂ ಆಗ್ಲಿ."

ಅವಳು ಮೆಲ್ಲಗೆ ಅವನ ಕೈ ಹಿಡಿದಳು.

"ಹಾಗಾದ್ರೆ ಜೊತೆಗೇ ಬನ್ನಿ."

"ತೈಪೆಗಾ?"

"ಮೊದ್ಲು ಊಟಕ್ಕೆ. ತೈಪೆ ವಿಷ್ಯ ಊಟ ಮಾಡ್ತಾ ಮಾತಾಡೋಣ."