ಒಣಗದ ನಾವಿಕನ ಅಂಗಿ

ಯುದ್ಧದಲ್ಲಿ ಸೋತು ಮುಳುಗಿದ ಒಂದು ನೌಕಾಪಡೆಯ ವಸ್ತುಗಳನ್ನು ಕೂಡಿಡುವುದು ನನ್ನ ಯಜಮಾನರ ಹುಚ್ಚು. ಗುಂಡಿ, ಟೋಪಿ, ತುಕ್ಕು ಹಿಡಿದ ಚಮಚ, ಏನು ಸಿಕ್ಕರೂ ತರುತ್ತಾರೆ. ಯಾವುದನ್ನೂ ತೊಳೆಯಬಾರದೆಂದು ಅವರ ಕಟ್ಟಪ್ಪಣೆ. ಕೊಳೆ ಹೋದರೆ ಚರಿತ್ರೆಯೇ ಹೋಯಿತಂತೆ.

ಕಳೆದ ಬೇಸಿಗೆಯಲ್ಲಿ ತಂದ ನಾವಿಕನ ಅಂಗಿಯ ಕಾಲರಿನ ಜಿಡ್ಡು ನೋಡಿ ನನಗೆ ತಡೆಯಲಾಗಲಿಲ್ಲ. ಇದೂ ಯಾವುದೋ ತಾಯಿಯ ಮಗನದೇ ಅಲ್ಲವೇ ಎನಿಸಿತು. ನಾಲ್ಕು ವರ್ಷದ ಮಗಳ ಫ್ರಾಕುಗಳ ಜೊತೆ ಒಗೆದು ತಂತಿಗೆ ಹಾಕಿದೆ.

ಮಧ್ಯಾಹ್ನದ ಬಿಸಿಲಿಗೆ ಫ್ರಾಕುಗಳು ಗರಿಗರಿಯಾಗಿ ಒಣಗಿದವು. ಅಂಗಿ ಮಾತ್ರ ಮೂರನೆಯ ದಿನವೂ ತೊಟ್ಟಿಕ್ಕುತ್ತಲೇ ಇತ್ತು. ಕೆಳಗಿನ ನೆಲದ ಮೇಲೆ ಉಪ್ಪು ಬೆಳ್ಳಗೆ ಕಟ್ಟಿತ್ತು. ಮುಟ್ಟಿದರೆ ಕೈ ಜೋಮು ಹಿಡಿಯುವಷ್ಟು ತಣ್ಣಗಿತ್ತು.

"ರೀ, ಇದನ್ನ ಮೊದಲು ವಾಪಸ್ ಕೊಟ್ಟು ಬನ್ನಿ," ಎಂದೆ.

"ತೊಳೀಬೇಡ ಅಂತ ಬಡ್ಕೊಂಡೆ. ನಿನ್ನ ಸೋಪಿಗೆ ಪಾಪ, ಅವನಿಗೆ ನೆಗಡಿ ಬಂದಿರಬೇಕು," ಎಂದು ನಕ್ಕರು.

ಅಷ್ಟರಲ್ಲಿ ಮಗಳು ಅಂಗಿಯ ತೋಳು ಹಿಡಿದು ನಿಂತಿದ್ದಳು. "ಅಮ್ಮಾ, ಈ ಅಣ್ಣಂಗೆ ತುಂಬಾ ಚಳಿಯಂತೆ. ನನ್ನ ಜೊತೆ ಮಲಕ್ಕೋ ಅಂದೆ. ಆಯ್ತು ಅಂದ."

ಯಜಮಾನರ ನಗು ನಿಂತಿತು. ಆ ಸಂಜೆಯೇ ಅಂಗಿಯನ್ನು ಮಾರಿದವನಿಗೆ ಮರಳಿಸಿ ಬಂದರು.

ಈಗ ಏಳು ತಿಂಗಳಾಯಿತು. ಮಗಳು ಹೊಟ್ಟೆತುಂಬ ಉಣ್ಣುತ್ತಾಳೆ, ಆಡುತ್ತಾಳೆ. ವೈದ್ಯರು ಏನೂ ಇಲ್ಲವೆನ್ನುತ್ತಾರೆ. ಆದರೆ ಎಷ್ಟು ಬೆಚ್ಚಗೆ ಹೊದೆಸಿ ಮಲಗಿಸಿದರೂ, ಎದ್ದಾಗ ಅವಳ ಬೆರಳ ತುದಿಗಳು ತುಂಬಾ ಹೊತ್ತು ನೀರಿನಲ್ಲಿದ್ದವರ ಹಾಗೆ ಸುಕ್ಕುಗಟ್ಟಿರುತ್ತವೆ. ನಾನು ಒಂದೊಂದನ್ನೇ ಉಜ್ಜಿ ಬೆಚ್ಚಗೆ ಮಾಡುತ್ತೇನೆ.